ಪಕ್ಕದ ಟೆಂಟ್ ಇಲ್ಲದ ಜಾತ್ರೆ

(ಧಾರವಾಡದ ಕಾಲೇಜೊಂದರ ಸಿನಿಮಾ ಬಳಗದಲ್ಲಿ ಆಡಿದ ಮಾತುಗಳ ಬರಹ ರೂಪ)

ನಮ್ಮ ಅಜ್ಜನ ಬಾಯಲ್ಲಿ ಕಂಪನಿ ಅಂದರೆ ಒಂದೇ ಅರ್ಥ. ನಾಟಕದ ಕಂಪನಿ. ಊರಿಗೆ ಕಂಪನಿ ಬಂತು ಅಂದರೆ ತಗಡು, ಗಳ, ಪರದೆಗಳ ಗಂಟು, ಹಾರ್ಮೋನಿಯಂ ಪೆಟ್ಟಿಗೆ ಎಲ್ಲಾ ಲಾರಿಯಿಂದ ಇಳಿದವು ಅಂತ. ಇವತ್ತು ನೀವು ಕಂಪನಿ ಅಂದರೆ ಡಿಸ್ನಿ, ವಾರ್ನರ್, ಸೋನಿ, ಅಮೆಜಾನ್. ಹೋದ ತಿಂಗಳು ನಿಮ್ಮ ಕಾಲೇಜಿನ ಹುಡುಗನೊಬ್ಬ ನನ್ನನ್ನು ಕರೆಯಲು ಮನೆಗೆ ಬಂದಿದ್ದ. ಚಹಾ ಕುಡಿಯುತ್ತಾ ಕೇಳಿದ: "ಸರ್, ಇವರ ಕಡೆ ಇಷ್ಟು ರೊಕ್ಕ ಐತಿ. ಮತ್ತ ನಮಗ ಬೇಕಾದ ಸಿನಿಮಾನ ಯಾಕ ಹಿಂಗ ಹಾಳು ಮಾಡ್ತಾರ್ರೀ?" ಅವನ ದನಿಯಲ್ಲಿ ಸಿಟ್ಟಿಗಿಂತ ಸಂಕಟ ಜಾಸ್ತಿ ಇತ್ತು. ಅದಕ್ಕೇ ಇವತ್ತು ಬಂದೆ.

ನಾನು ಹುಬ್ಬಳ್ಳಿಯಲ್ಲಿ ದುರ್ಗದ ಬೈಲ್ ಹತ್ತಿರ ಹದಿನಾರು ವರ್ಷ ಕ್ಯಾಸೆಟ್ ಲೈಬ್ರರಿ ನಡೆಸಿದವನು. ಡಿಪಾಜಿಟ್ ಇಟ್ಟುಕೊಂಡು ದಿನದ ಬಾಡಿಗೆಗೆ ಕ್ಯಾಸೆಟ್ ಕೊಡುವ ಅಂಗಡಿ. ನಿಮ್ಮಲ್ಲಿ ಅರ್ಧ ಮಂದಿ ಅದನ್ನು ನೋಡಿರಲಿಕ್ಕಿಲ್ಲ. ಅಂಗಡಿಗೆ ರೈಲ್ವೆ ವರ್ಕ್‌ಶಾಪಿನ ಒಬ್ಬ ಕಾಕಾ ಬರುತ್ತಿದ್ದರು. ಪಗಾರ ಆದ ವಾರದಲ್ಲಿ ಒಂದು ಸಲ, ತಪ್ಪದೆ. ಬಂದವರೇ "ಸ್ಟಾರ್ ವಾರ್ಸ್" ಎಂಬ ಬಾಹ್ಯಾಕಾಶದ ಕಥೆಯ ಸರಣಿಯಲ್ಲಿ ಮೊದಲನೆಯ ಸಿನಿಮಾದ ಕ್ಯಾಸೆಟ್ ತೆಗೆದುಕೊಂಡು ಹೋಗುತ್ತಿದ್ದರು. ಬೇರೆ ಯಾವುದೂ ಬೇಡ. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಒಂದು ಮಳೆಗಾಲದಲ್ಲಿ ಆ ಕ್ಯಾಸೆಟ್ಟಿಗೆ ಬೂಸು ಹಿಡಿಯಿತು, ಟೇಪಿನ ಅಂಚಿಗೆಲ್ಲ ಬಿಳಿ ಪುಡಿ. ವಿಸಿಆರ್ ಹೆಡ್ ಕೆಡುತ್ತದೆ ಅಂತ ಅದನ್ನು ತೆಗೆದಿಟ್ಟು, 1998ರ ಹೊತ್ತಿಗೆ ಹೊಸದೊಂದು ತರಿಸಿದೆ. ಡಬ್ಬಿ ಚಂದ ಇತ್ತು. ಕಾಕಾಗೂ ಖುಷಿಯಾಯಿತು.

ಮರುದಿನ ಅಂಗಡಿ ಬಾಗಿಲು ತೆಗೆಯುವ ಮುಂಚೆಯೇ ಬಂದು ನಿಂತಿದ್ದರು. "ತಮ್ಮಾ, ಇದು ಅದಲ್ಲಪಾ" ಅಂದರು. ಅದೇ ಕಾಕಾ, ಹೊಸ ಪ್ರಿಂಟ್ ಅಷ್ಟೇ ಅಂದೆ. ಅವರು ಒಪ್ಪಲಿಲ್ಲ. ಅಂಗಡಿಯ ಟಿವಿಗೆ ಹಾಕಿಸಿ, ಹೋಟೆಲಿನ ದೃಶ್ಯದವರೆಗೆ ಓಡಿಸಿ, ಬೆರಳು ತೋರಿಸಿದರು. "ಇಲ್ಲಿ ನೋಡು. ಮೊದಲ ಇಂವಾ ಹೊಡಿತಿದ್ದ. ಈಗ ಎದುರಿನಂವಾ ಹೊಡಿತಾನ. ಯಾರ ಬದಲಿ ಮಾಡ್ಯಾರ ಇದನ್ನ?"

ಹಾನ್ ಸೋಲೋ ಎಂಬ ಪಾತ್ರದ ದೃಶ್ಯ ಅದು. 1977ರ ಸಿನಿಮಾದಲ್ಲಿ ತನ್ನನ್ನು ಹಿಡಿಯಲು ಬಂದವನಿಗೆ ಹಾನ್ ಮೇಜಿನ ಕೆಳಗಿನಿಂದ ತಾನೇ ಮೊದಲು ಗುಂಡು ಹಾರಿಸುತ್ತಾನೆ. 1997ರಲ್ಲಿ ಅದೇ ಸಿನಿಮಾವನ್ನು ತಿದ್ದಿ ಮತ್ತೆ ಬಿಡುಗಡೆ ಮಾಡಿದಾಗ, ಎದುರಿನವನು ಮೊದಲು ಹಾರಿಸಿ ಗುರಿ ತಪ್ಪುವ ಹಾಗೆ ಬದಲಾಯಿಸಿದರು. ಸ್ವಾರ್ಥಿಯಾಗಿದ್ದ ಮನುಷ್ಯ ನಿಧಾನಕ್ಕೆ ಒಳ್ಳೆಯವನಾಗುವುದೇ ಆ ಪಾತ್ರದ ಕಥೆ. ಮೊದಲೇ ಒಳ್ಳೆಯವನಾಗಿಬಿಟ್ಟರೆ ಕಥೆ ಎಲ್ಲಿ ಉಳಿಯಿತು? ಅಮೆರಿಕದ ಅಭಿಮಾನಿಗಳು ಈ ಒಂದು ಗುಂಡಿನ ಬಗ್ಗೆ ವರ್ಷಗಟ್ಟಲೆ ಜಗಳ ಮಾಡಿದರು. ಇಂಟರ್ನೆಟ್ ಏನೆಂದೇ ಗೊತ್ತಿಲ್ಲದ ನಮ್ಮ ಕಾಕಾ ಅದನ್ನು ಒಂದೇ ರಾತ್ರಿಯಲ್ಲಿ ಹಿಡಿದರು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಅದನ್ನು ಬದಲಾಯಿಸಿದ್ದು ಯಾವ ಕಂಪನಿಯೂ ಅಲ್ಲ. ಸಿನಿಮಾ ಬರೆದು ನಿರ್ದೇಶಿಸಿದ ಜಾರ್ಜ್ ಲ್ಯೂಕಾಸ್ ಅವರೇ.

ಲ್ಯೂಕಾಸ್ ಕಥೆ ಗೊತ್ತಿರಬೇಕು ನಿಮಗೆ. ಮೊದಲ ಸಿನಿಮಾ ಮಾಡುವಾಗ ಹೆಚ್ಚಿನ ಸಂಬಳ ಕೇಳುವ ಅವಕಾಶ ಅವರಿಗಿತ್ತು. ಅದನ್ನು ಬಿಟ್ಟು, ಮುಂದಿನ ಭಾಗಗಳ ಹಕ್ಕು ಮತ್ತು ಆಟಿಕೆ, ಅಂಗಿ, ಪೋಸ್ಟರ್ ಮಾರುವ ಹಕ್ಕು ಕೇಳಿದರು. ಅದರಲ್ಲಿ ದೊಡ್ಡ ದುಡ್ಡು ಇದೆ ಅಂತ ಫಾಕ್ಸ್ ಸ್ಟುಡಿಯೋಗೆ ಅನಿಸಲಿಲ್ಲ, ಕೊಟ್ಟರು. ಆ ಗೊಂಬೆಗಳ ದುಡ್ಡಿನಿಂದಲೇ ಅವರು ಸ್ವತಂತ್ರರಾದರು. 1980ರ ಎರಡನೆಯ ಸಿನಿಮಾವನ್ನು ತಮ್ಮ ದುಡ್ಡು, ಬ್ಯಾಂಕ್ ಸಾಲದ ಮೇಲೆ ಮಾಡಿದರು. ಸ್ಟುಡಿಯೋದವರು ಬಂದು ಇಲ್ಲಿ ಕತ್ತರಿಸು, ಅಲ್ಲಿ ಸೇರಿಸು ಅನ್ನದಿರಲಿ ಅಂತ. ಅಭಿಮಾನಿಗಳು ಇವತ್ತಿಗೂ ಎಲ್ಲಕ್ಕಿಂತ ಮೇಲೆ ಇಡುವುದು ಆ ಎರಡನೆಯ ಸಿನಿಮಾವನ್ನೇ.

ಹಾಗಾದರೆ ಸೃಷ್ಟಿಸಿದವನೇ ಮಾಲೀಕನಾಗಿದ್ದರೆ ಎಲ್ಲ ಸರಿ ಇರುತ್ತದೆ, ಅಲ್ವಾ? ಇಲ್ಲ. 1999ರಿಂದ 2005ರವರೆಗೆ ಬಂದ ಮೂರು ಸಿನಿಮಾಗಳ ಕಥೆಯೂ ಲ್ಯೂಕಾಸ್ ಅವರದೇ, ದುಡ್ಡೂ ಅವರದೇ, ಕೊನೆಯ ಮಾತೂ ಅವರದೇ. ಅಭಿಮಾನಿಗಳು ಅವರನ್ನು ಬೈದಷ್ಟು ಯಾರನ್ನೂ ಬೈದಿರಲಿಲ್ಲ. ನಮ್ಮ ಬಾಲ್ಯ ಹಾಳು ಮಾಡಿದ ಅಂದರು. 2012ರ ಅಕ್ಟೋಬರಿನಲ್ಲಿ ಅವರು 405 ಕೋಟಿ ಡಾಲರಿಗೆ ಡಿಸ್ನಿಗೆ ಮಾರಿದಾಗ, ಸದ್ಯ ಅವನ ಕೈಯಿಂದ ಬಿಡಿಸಿಕೊಂಡರಲ್ಲ ಅಂತ ನಿಟ್ಟುಸಿರು ಬಿಟ್ಟವರೂ ಇದ್ದರು. ಐದೇ ವರ್ಷದಲ್ಲಿ ಅವರಲ್ಲೇ ಎಷ್ಟೋ ಜನ ಲ್ಯೂಕಾಸ್ ವಾಪಸ್ ಬರಲಿ ಅನ್ನತೊಡಗಿದರು! ಇದನ್ನು ಅಭಿಮಾನಿಗಳ ಚಂಚಲ ಬುದ್ಧಿ ಅಂತ ತಳ್ಳಿಹಾಕುವವರಿದ್ದಾರೆ. ನಾನು ಒಪ್ಪುವುದಿಲ್ಲ. ಎರಡು ಸಲವೂ ಅವರ ನೋವು ನಿಜವಾದದ್ದೇ. ಬೇರೆ ಬೇರೆ ಕಾರಣಕ್ಕೆ, ಅಷ್ಟೇ.

ಡಿಸ್ನಿ ಕಾಲದಲ್ಲಿ ಏನಾಯಿತು ನೋಡಿ. ಮುಂದಿನ ಕಥೆ ಹೇಗಿರಬಹುದು ಅಂತ ಲ್ಯೂಕಾಸ್ ಬರೆದು ಕೊಟ್ಟಿದ್ದರು. ಕಂಪನಿ ಅದನ್ನು ಬಳಸಲಿಲ್ಲ. ತಮಗೆ ಮೋಸವಾಯಿತು ಅಂತ ಲ್ಯೂಕಾಸ್‌ಗೆ ಅನಿಸಿತ್ತು ಎಂಬುದನ್ನು ಡಿಸ್ನಿ ಮುಖ್ಯಸ್ಥರಾಗಿದ್ದ ಬಾಬ್ ಐಗರ್ ಅವರೇ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. 2015, 2017, 2019. ಎರಡು ವರ್ಷಕ್ಕೊಂದರಂತೆ ಮೂರು ಸಿನಿಮಾ. ಮೊದಲನೆಯದು ಒಬ್ಬ ನಿರ್ದೇಶಕರದು, ಎರಡನೆಯದು ಇನ್ನೊಬ್ಬರದು, ಮೂರನೆಯದು ಮತ್ತೊಬ್ಬರದು ಆಗಬೇಕಿತ್ತು. ಆ ಮೂರನೆಯ ನಿರ್ದೇಶಕರು 2017ರ ಸೆಪ್ಟೆಂಬರಿನಲ್ಲಿ ಹೊರಗೆ ಹೋದರು. ಮೊದಲನೆಯವರಾದ ಜೆ. ಜೆ. ಏಬ್ರಮ್ಸ್ ಅವರನ್ನೇ ವಾಪಸ್ ಕರೆತಂದರು. ಬಿಡುಗಡೆಯ ವರ್ಷ ಮಾತ್ರ ಅಲುಗಾಡಲಿಲ್ಲ. ಮೂರೂ ಸಿನಿಮಾ ಸೇರಿ ಎಲ್ಲಿಗೆ ಹೋಗಬೇಕು ಅಂತ ಮೊದಲೇ ಕೂತು ಬರೆದ ಒಂದು ಕಥೆ ಇರಲಿಲ್ಲ. ಎರಡನೆಯದರಲ್ಲಿ ನಾಯಕಿಯ ತಂದೆ ತಾಯಿ ಯಾರೂ ಅಲ್ಲ, ಸಾಮಾನ್ಯರು ಅಂದರು. ಮೂರನೆಯದರಲ್ಲಿ ಅಲ್ಲ, ಅವಳು ದೊಡ್ಡ ಖಳನ ಮೊಮ್ಮಗಳು ಅಂದರು. ನನಗೆ ವೈಯಕ್ತಿಕವಾಗಿ ಎರಡನೆಯದು ತುಂಬಾ ಇಷ್ಟ. ಅದನ್ನು ದ್ವೇಷಿಸುವವರು ಈ ಸಭೆಯಲ್ಲೇ ಇದ್ದೀರಿ, ಮುಖ ನೋಡಿದರೆ ಗೊತ್ತಾಗುತ್ತದೆ. ಪರವಾಗಿಲ್ಲ. ಆದರೆ ಒಂದು ಮಾತನ್ನು ಇಬ್ಬರೂ ಒಪ್ಪಬಹುದು. ನಿಮಗೆ ಇಷ್ಟವಾದ ಕಥೆಯೂ ಪೂರ್ತಿಯಾಗಲಿಲ್ಲ, ನನಗೆ ಇಷ್ಟವಾದದ್ದೂ ಪೂರ್ತಿಯಾಗಲಿಲ್ಲ. ತಾರೀಖು ಮೊದಲು ಬಂತು, ಕಥೆ ಅದರ ಹಿಂದೆ ಓಡಿತು.

ಇಲ್ಲೇ ಇನ್ನೊಂದು ಮಾತು ಹೇಳಿಬಿಡುತ್ತೇನೆ. ಆ ಎರಡನೆಯ ಸಿನಿಮಾದಲ್ಲಿ ಕೆಲ್ಲಿ ಮೇರಿ ಟ್ರಾನ್ ಅಂತ ಒಬ್ಬ ನಟಿ ಇದ್ದರು. ಅವರ ರೂಪ, ಜನಾಂಗ ಹಿಡಿದು ಎಷ್ಟು ಕೆಟ್ಟದಾಗಿ ಬೈದರು ಅಂದರೆ 2018ರಲ್ಲಿ ಅವರು ತಮ್ಮ ಇನ್‌ಸ್ಟಾಗ್ರಾಂ ಪೋಸ್ಟುಗಳನ್ನೆಲ್ಲ ಅಳಿಸಿಹಾಕಿದರು. ಕಥೆ ಬರೆದದ್ದು ಅವರಲ್ಲ, ಹಕ್ಕು ಕೊಂಡದ್ದೂ ಅವರಲ್ಲ. ಕಂಪನಿಯ ಮೇಲಿನ ಸಿಟ್ಟನ್ನು ಸಂಬಳಕ್ಕೆ ನಟಿಸಿದ ಹೆಣ್ಣುಮಗಳ ಮೇಲೆ ತೀರಿಸಿಕೊಂಡರೆ ಅದನ್ನು ಅಭಿಮಾನಿಗಳ ಅಭಿಪ್ರಾಯ ಅಂತ ನಾನು ಕರೆಯುವುದಿಲ್ಲ. ನಮ್ಮ ಕನ್ನಡದಲ್ಲೂ ಇದು ನಡೆಯುತ್ತಿದೆ. ನಟಿಯರ ಪೋಸ್ಟುಗಳ ಕೆಳಗೆ ಬರೆಯುವುದನ್ನು ಓದಿದರೆ ಕೈ ನಡುಗುತ್ತದೆ. ಅಭಿಮಾನಿಗಳನ್ನು ದೇವರು ಅಂತ ಕರೆದ ರಾಜ್‌ಕುಮಾರ್ ಅವರ ನಾಡು ಇದು. ಆ ಮಾತಿಗೆ ತಕ್ಕ ಹಾಗೆ ನಡೆದುಕೊಳ್ಳುವ ಭಾರ ನಮ್ಮ ಮೇಲೂ ಇದೆ.

ಮಾರ್ವೆಲ್ ಕಥೆ ಇದಕ್ಕಿಂತ ಬೇರೆ. ಅಲ್ಲಿ ಮೊದಲಿನಿಂದಲೂ ಕಂಪನಿಯೇ ಮಾಲೀಕ. ಸೂಪರ್‌ಹೀರೋಗಳ ಕಾಮಿಕ್ಸ್ ಪುಸ್ತಕ ಮಾಡುವ, 1996ರ ಕೊನೆಯಲ್ಲಿ ದಿವಾಳಿ ಅರ್ಜಿ ಹಾಕಿದ ಕಂಪನಿ ಅದು. ಮನೆಯಲ್ಲಿ ಕಷ್ಟ ಬಂದರೆ ಹೊಲದ ಒಂದೊಂದು ತುಂಡು ಮಾರುತ್ತೇವಲ್ಲ, ಹಾಗೆ ಅದರ ಹಿಂದುಮುಂದಿನ ವರ್ಷಗಳಲ್ಲಿ ಪಾತ್ರಗಳ ಸಿನಿಮಾ ಹಕ್ಕನ್ನು ಒಬ್ಬೊಬ್ಬರಿಗೆ ಕೊಟ್ಟರು. ಎಕ್ಸ್‌ಮೆನ್ ಫಾಕ್ಸ್‌ಗೆ, ಸ್ಪೈಡರ್‌ಮ್ಯಾನ್ ಸೋನಿಗೆ. ಉಳಿದದ್ದು ಜನಕ್ಕೆ ಅಷ್ಟಾಗಿ ಗೊತ್ತಿಲ್ಲದ ಪಾತ್ರಗಳು. 2005ರಲ್ಲಿ ಅವುಗಳಲ್ಲಿ 10 ಪಾತ್ರಗಳ ಸಿನಿಮಾ ಹಕ್ಕನ್ನು, ಅಂದರೆ ಕ್ಯಾಪ್ಟನ್ ಅಮೆರಿಕಾ, ಬ್ಲ್ಯಾಕ್ ಪ್ಯಾಂಥರ್ ಇವರನ್ನೆಲ್ಲ ಒತ್ತೆ ಇಟ್ಟು, 52.5 ಕೋಟಿ ಡಾಲರ್ ಸಾಲದ ವ್ಯವಸ್ಥೆ ಮಾಡಿಕೊಂಡು ತಾವೇ ಸಿನಿಮಾ ತೆಗೆಯಲು ಹೊರಟರು. ಬಂಗಾರ ಒತ್ತೆ ಇಟ್ಟು ಬಿತ್ತನೆ ಮಾಡುವ ರೈತನಿಗೆ ಈ ಧೈರ್ಯ ಅರ್ಥವಾಗುತ್ತದೆ. ಬೆಳೆ ಬಾರದಿದ್ದರೆ ಒಡವೆಯೂ ಹೋಯಿತು. 2008ರಲ್ಲಿ "ಐರನ್ ಮ್ಯಾನ್" ಬಂತು, ಗೆದ್ದಿತು. ಮರುವರ್ಷವೇ ಡಿಸ್ನಿ ಸುಮಾರು 400 ಕೋಟಿ ಡಾಲರಿಗೆ ಇಡೀ ಕಂಪನಿಯನ್ನು ಕೊಳ್ಳುವುದಾಗಿ ಘೋಷಿಸಿತು.

ಆಮೇಲಿನ ಹತ್ತು ವರ್ಷ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಇಲ್ಲಿ ದೊಡ್ಡ ಕಂಪನಿ ಬಂದ ತಕ್ಷಣ ಹಾಳಾಗಲಿಲ್ಲ ಅನ್ನುವುದನ್ನು ಗಮನಿಸಿ. 2019ರವರೆಗೆ ಒಂದು ದೊಡ್ಡ ಕಥೆಯನ್ನು ಹಿಡಿದು ತಂದು ಮುಗಿಸಿದರು. ನನ್ನ ತಂಗಿಯ ಮಗ ಆ ಕೊನೆಯ ಸಿನಿಮಾ ನೋಡಿ ಅತ್ತ. ಆಮೇಲೆ ಏನಾಯಿತು? ಒಟಿಟಿಗೆ ಸರಕು ಬೇಕಾಯಿತು. ಸಿನಿಮಾ ಮೇಲೆ ಸಿನಿಮಾ, ಸೀರಿಯಲ್ ಮೇಲೆ ಸೀರಿಯಲ್. ಒಂದು ಸಿನಿಮಾ ಅರ್ಥವಾಗಬೇಕಾದರೆ ಹಿಂದಿನ ಮೂರು ಸೀರಿಯಲ್ ನೋಡಿರಬೇಕು ಅನ್ನುವ ಸ್ಥಿತಿ. ಇದರಿಂದ ಗಮನ ಚದುರಿತು ಅಂತ 2023ರಲ್ಲಿ ಐಗರ್ ಅವರೇ ಬಹಿರಂಗವಾಗಿ ಒಪ್ಪಿಕೊಂಡರು. ಅಭಿಮಾನಿಗಳು ಅದನ್ನು ಎರಡು ವರ್ಷ ಮೊದಲೇ ಹೇಳುತ್ತಿದ್ದರು. ಆಗ ಅವರನ್ನು ಸುಮ್ನೆ ಗೊಣಗುವವರು ಅಂದಿದ್ದರು.

ಆ ತಂಗಿಯ ಮಗನದೇ ಇನ್ನೊಂದು ಪ್ರಸಂಗ ಹೇಳಬೇಕು. ಇದು ನನ್ನನ್ನು ಬಹಳ ಕಾಡಿದ್ದು. ಹೋದ ವರ್ಷ ಒಂದು ದೊಡ್ಡ ಸಿನಿಮಾದ ಮೊದಲ ಶೋ ನೋಡಿಕೊಂಡು ಮನೆಗೆ ಬಂದ. ಹೆಲ್ಮೆಟ್ ಇನ್ನೂ ಕೈಯಲ್ಲೇ ಇತ್ತು. "ಹೆಂಗಿತ್ತಪಾ?" ಅಂದೆ. "ಮಾಮಾ, ಫಸ್ಟ್ ಡೇ ನೂರು ಕೋಟಿ ಪಕ್ಕಾ" ಅಂದ. ಅದಲ್ಲೋ, ಸಿನಿಮಾ ಹೆಂಗಿತ್ತು? ಸ್ವಲ್ಪ ಹೊತ್ತು ಸುಮ್ಮನಿದ್ದ. ನಿಜವಾಗಿ ಯೋಚನೆ ಮಾಡುತ್ತಿದ್ದ. ಆಮೇಲೆ "ಪರವಾಗಿಲ್ಲ" ಅಂದ. ಮೂರು ತಾಸು ಕತ್ತಲಲ್ಲಿ ಕೂತು ಬಂದ ಹುಡುಗನಿಗೆ ಮೊದಲು ನೆನಪಾದದ್ದು ಇನ್ಯಾರದೋ ಗಲ್ಲಾಪೆಟ್ಟಿಗೆ.

ನಾವೆಲ್ಲ ಹೀಗೇ ಆಗುತ್ತಿದ್ದೇವೆ. ಯಾವ ಸಿನಿಮಾ ಸಾವಿರ ಕೋಟಿ ದಾಟಿತು, ಯಾವುದಕ್ಕೆ ಎರಡನೆಯ ವಾರ ಎಷ್ಟು ಬಿತ್ತು, ಯಾರ ಓಪನಿಂಗ್ ದೊಡ್ಡದು. ಅಭಿಮಾನಿಯ ಮಾತು ಷೇರುದಾರನ ಮಾತಾಗಿಬಿಟ್ಟಿದೆ. 2019ರಲ್ಲಿ ಡಿಸ್ನಿ 7,130 ಕೋಟಿ ಡಾಲರಿಗೆ ಫಾಕ್ಸ್ ಕಂಪನಿಯ ಬಹುಪಾಲು ಕೊಂಡಿತು. ಎಕ್ಸ್‌ಮೆನ್ ಮನೆಗೆ ವಾಪಸ್ ಬಂದರು ಅಂತ ಅಭಿಮಾನಿಗಳು ಕುಣಿದರು. ಆ ಒಪ್ಪಂದದಲ್ಲಿ ಎಷ್ಟೋ ಜನ ಕೆಲಸ ಕಳೆದುಕೊಂಡರು, ದೊಡ್ಡ ಸ್ಟುಡಿಯೋಗಳ ಲೆಕ್ಕದಲ್ಲಿ ಒಂದು ಕಡಿಮೆಯಾಯಿತು. ಅದೇ ವರ್ಷ ಆಗಸ್ಟಿನಲ್ಲಿ ಸ್ಪೈಡರ್‌ಮ್ಯಾನ್ ವಿಷಯದಲ್ಲಿ ಸೋನಿ, ಡಿಸ್ನಿ ಮುನಿಸಿಕೊಂಡು ದೂರವಾದಾಗ ಲಕ್ಷಗಟ್ಟಲೆ ಜನ ಒಂದು ಕಂಪನಿಯ ಪರ, ಇನ್ನೊಂದರ ವಿರುದ್ಧ ನಿಂತು ಹೊಡೆದಾಡಿದರು. ಸೆಪ್ಟೆಂಬರಿನಲ್ಲಿ ಕಂಪನಿಗಳು ರಾಜಿಯಾದವು. ಜಗಳವಾಡಿದ ಗೆಳೆಯರು ಆದರೋ ಇಲ್ಲವೋ. ಅಣ್ಣ ತಮ್ಮಂದಿರ ಪಾಲಿನ ಜಗಳದಲ್ಲಿ ಮನೆಯ ಬಾಡಿಗೆದಾರ ಒಬ್ಬರ ಪರ ವಕೀಲಿ ಮಾಡಿದ ಹಾಗೆ ಇದು. ಮನೆ ಯಾರಿಗೆ ಹೋದರೂ ಅವನಿಗೆ ಗೋಡೆಗೆ ಮೊಳೆ ಹೊಡೆಯುವ ಹಕ್ಕೂ ಬರುವುದಿಲ್ಲ.

ಮಾಲೀಕರ ಲೆಕ್ಕ ಹೇಗಿರುತ್ತದೆ ಅನ್ನುವುದಕ್ಕೆ 2022ರ ಆಗಸ್ಟ್ ನೋಡಿ. ವಾರ್ನರ್ ಕಂಪನಿ ಆ ವರ್ಷವಷ್ಟೇ ಡಿಸ್ಕವರಿ ಜೊತೆ ಸೇರಿ ಹೊಸ ಆಡಳಿತ ಬಂದಿತ್ತು. "ಬ್ಯಾಟ್‌ಗರ್ಲ್" ಅನ್ನುವ ಸಿನಿಮಾದ ಶೂಟಿಂಗ್ ಮುಗಿದು, ಎಡಿಟಿಂಗ್ ನಡೆದಿತ್ತು. ಸುಮಾರು 9 ಕೋಟಿ ಡಾಲರ್ ಖರ್ಚಾಗಿತ್ತು. ಅದನ್ನು ಬಿಡುಗಡೆಯನ್ನೇ ಮಾಡದೆ ಮುಚ್ಚಿಟ್ಟರು. ನಷ್ಟ ಅಂತ ತೋರಿಸಿದರೆ ತೆರಿಗೆಯಲ್ಲಿ ಉಳಿಯುತ್ತದೆ ಎಂಬ ಲೆಕ್ಕ. ಚೆನ್ನಾಗಿತ್ತೋ ಇಲ್ಲವೋ ನೋಡಿ ಹೇಳುವ ಅವಕಾಶ ಸಾಮಾನ್ಯ ಪ್ರೇಕ್ಷಕರಿಗೆ ಸಿಗಲಿಲ್ಲ. ಕಂಪನಿ ಕೆಟ್ಟ ಸಿನಿಮಾ ಮಾಡಿದರೆ ನನಗೆ ಅಷ್ಟು ಬೇಸರವಿಲ್ಲ. ಕೆಟ್ಟ ನಾಟಕ ಎಷ್ಟು ನೋಡಿಲ್ಲ! ಆದರೆ ಪರದೆ ಏಳುವ ಮೊದಲೇ ರಂಗದ ಸಾಮಾನು ಸುಟ್ಟು ಅದರ ವಿಮೆ ಪಡೆಯುವ ಮಾಲೀಕನನ್ನು ನಮ್ಮ ಕಡೆ ಯಾವ ಜಾತ್ರೆಯಲ್ಲೂ ನೋಡಿರಲಿಲ್ಲ.

ಜಾತ್ರೆ ಅಂದೆನಲ್ಲ, ಈಗ ನಮ್ಮ ಅಜ್ಜನ ವಿಷಯ. ನಾನು ಆಗ ಎಂಟು ಒಂಬತ್ತು ವರ್ಷದವನು. ಬಾದಾಮಿ ಬನಶಂಕರಿ ಜಾತ್ರೆಗೆ ಕರೆದುಕೊಂಡು ಹೋಗಿದ್ದ. ನಿಮಗೆ ಗೊತ್ತಲ್ಲ, ಬನದ ಹುಣ್ಣಿಮೆಗೆ ಶುರುವಾಗಿ ವಾರಗಟ್ಟಲೆ ನಡೆಯುವ ಜಾತ್ರೆ, ಸಾಲಾಗಿ ನಾಟಕ ಕಂಪನಿಗಳು ಟೆಂಟ್ ಹಾಕಿರುತ್ತವೆ. ಒಂದು ಟೆಂಟಿಗೆ ಹೋದೆವು. ಕುರುಕ್ಷೇತ್ರದ ನಾಟಕ. ಮಾಲೀಕ ಗೇಟಿನಲ್ಲೇ ಕೂತು ಟಿಕೆಟ್ ಹರಿಯುತ್ತಿದ್ದ. ಒಳಗೆ ಹಾಸ್ಯಗಾರ ಬಂದರೆ ಸಿಳ್ಳೆ ಬೀಳುತ್ತಿತ್ತು. ಸಿಳ್ಳೆ ಬಿದ್ದಷ್ಟೂ ಅವನನ್ನು ಮತ್ತೆ ಮತ್ತೆ ಬಿಟ್ಟರು. ಭೀಮ ಗದೆ ಎತ್ತುವ ಹೊತ್ತಿಗೂ ಹಾಸ್ಯಗಾರ ಅಡ್ಡ ಬಂದ. ಅಜ್ಜ ಎದ್ದು ನಿಂತ. ನನ್ನ ರಟ್ಟೆ ಹಿಡಿದು ಎಬ್ಬಿಸಿದ. "ನಡಿಯೋ, ಬಾಜೂ ಕಂಪನಿಗೆ ಹೋಗೂಣು. ಅಲ್ಲಿ ದುರ್ಯೋಧನ ಛಲೋ ಅದಾನಂತ" ಅಂದ. ಹೋದೆವು. ಅಲ್ಲಿ ದುರ್ಯೋಧನ ನಿಜವಾಗಲೂ ಛಲೋ ಇದ್ದ. ಧೋತರಕ್ಕೆ ಧೂಳು, ಕಣ್ಣಲ್ಲಿ ನಿದ್ದೆ, ಆದರೆ ಅವನು ತೊಡೆ ಮುರಿದು ಬಿದ್ದಾಗ ನಾನು ಅತ್ತದ್ದು ಈಗಲೂ ನೆನಪಿದೆ.

ಆ ಹುಡುಗನ ಪ್ರಶ್ನೆಗೆ ನನ್ನ ಉತ್ತರ ಇದೇ. ಕಂಪನಿಗಳು ಹಾಳು ಮಾಡುವುದು ಹೊಸದಲ್ಲ. ನಮ್ಮ ಜಾತ್ರೆಯ ಮಾಲೀಕನೂ ಹಾಳು ಮಾಡಿದ. ದುಡ್ಡಿಗಾಗಿ, ಸಿಳ್ಳೆಗಾಗಿ, ಅವಸರಕ್ಕಾಗಿ. ಆದರೆ ಅಜ್ಜನಿಗೆ ಎದ್ದು ಹೋಗಲು ಪಕ್ಕದಲ್ಲಿ ಇನ್ನೊಂದು ಟೆಂಟ್ ಇತ್ತು. ಅದೇ ದುರ್ಯೋಧನ, ಅದೇ ಭೀಮ, ಬೇರೆ ಜನ. ದುರ್ಯೋಧನ ಯಾವ ಕಂಪನಿಯ ಆಸ್ತಿಯೂ ಆಗಿರಲಿಲ್ಲ.

ಇಲ್ಲೇ ಮಗ್ಗುಲಲ್ಲಿರುವ ಗದಗನ್ನು ನೆನೆಸಿಕೊಳ್ಳಿ. ವೀರನಾರಾಯಣನ ಗುಡಿಯಲ್ಲಿ ಕೂತು ಕುಮಾರವ್ಯಾಸ ಭಾರತ ಹೇಳಿದ. ಅವನಿಗಿಂತ ಐನೂರು ವರ್ಷ ಮೊದಲೇ ಪಂಪ ಹೇಳಿದ್ದ. ಆಮೇಲೆ ಬಯಲಾಟದವರು ಹೇಳಿದರು, ಕಂಪನಿಯವರು ಹೇಳಿದರು. ರಾಮಾಯಣ ಬರೆದ ಕವಿಗಳ ಭಾರಕ್ಕೆ ಭೂಮಿ ಹೊತ್ತ ಆದಿಶೇಷನೇ ತಿಣುಕಿದ ಅಂತ ಕುಮಾರವ್ಯಾಸನೇ ಹೇಳುತ್ತಾನಲ್ಲ. ಎಷ್ಟು ಜನ ಎಷ್ಟು ಸಲ ಹೇಳಿದ್ದಾರೋ ಅಂತ. ಅದೇ ಗದಗಿನಲ್ಲಿ 1870ರ ದಶಕದಲ್ಲಿ ಶಾಂತಕವಿಗಳು, ಸುತ್ತ ಮರಾಠಿ ನಾಟಕಗಳದೇ ಅಬ್ಬರ ಇದ್ದಾಗ, ಕನ್ನಡದಲ್ಲಿ ಯಾಕಾಗಬಾರದು ಅಂತ ತಾವೇ ನಾಟಕ ಬರೆದು ಒಂದು ಮಂಡಳಿ ಕಟ್ಟಿದರು. ಪುರಾಣದ ಕಥೆ ತೆಗೆದುಕೊಳ್ಳಲು ಅವರು ಯಾರ ಅಪ್ಪಣೆಯನ್ನೂ ಕೇಳಬೇಕಾಗಿರಲಿಲ್ಲ.

ಸ್ಟಾರ್ ವಾರ್ಸ್ ಹಾಗಲ್ಲ. ಅದನ್ನು ಹೇಳುವ ಹಕ್ಕು ಇಡೀ ಜಗತ್ತಿನಲ್ಲಿ ಒಬ್ಬರಿಗೇ. ಅವರು ಕೆಡಿಸಿದರೆ ಅಭಿಮಾನಿ ಎಲ್ಲಿಗೆ ಎದ್ದು ಹೋಗಬೇಕು? ಅದಕ್ಕೇ ಅಷ್ಟು ಕಿರುಚುತ್ತಾನೆ. ಹೊರಗಿನವರಿಗೆ ಇದು ಅತಿ ಅನಿಸುತ್ತದೆ, ಬರೀ ಸಿನಿಮಾ ತಾನೇ ಅನ್ನುತ್ತಾರೆ. ಬಾಗಿಲು ಒಂದೇ ಇರುವ ಮನೆಯಲ್ಲಿ ಆ ಬಾಗಿಲಿಗೆ ಬೀಗ ಬಿದ್ದರೆ ಯಾರಾದರೂ ಕಿರುಚುತ್ತಾರೆ. ನಮ್ಮ ಕಾಕಾಗೆ ಆದದ್ದೂ ಇದೇ. 1977ರ ರೂಪ ಆಮೇಲೆ ಅಧಿಕೃತವಾಗಿ ಸಿಕ್ಕಿದ್ದು 2006ರಲ್ಲಿ, ಅದೂ ಒಂದು ಡಿವಿಡಿ ಜೊತೆಗಿನ ಹೆಚ್ಚುವರಿ ಡಿಸ್ಕ್ ಆಗಿ. 2025ರ ಜೂನ್‌ನಲ್ಲಿ ಲಂಡನ್ನಿನ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಒಂದು ಹಳೆಯ ಮೂಲ ಪ್ರಿಂಟ್ ತೋರಿಸಿದಾಗ ಅದು ದೊಡ್ಡ ಸುದ್ದಿಯೇ ಆಯಿತು. ಕಾಕಾ ಇದ್ದಿದ್ದರೆ ಎಷ್ಟು ಖುಷಿಪಡುತ್ತಿದ್ದರೋ.

ಹಾಗಂತ ಬರೆದವನಿಗೆ ಹಕ್ಕೇ ಬೇಡ ಅಂತ ನಾನು ಹೇಳುತ್ತಿಲ್ಲ, ತಪ್ಪು ತಿಳಿಯಬೇಡಿ. ಹಕ್ಕು ಬೇಕು. ಆದರೆ ಯಾರ ಹಕ್ಕು ಕಾಯುತ್ತಿದ್ದೇವೆ ಅಂತ ನೋಡಬೇಕು. ಸೂಪರ್‌ಮ್ಯಾನ್ ಹುಟ್ಟಿಸಿದ ಇಬ್ಬರು ಹುಡುಗರು, ಜೆರ್ರಿ ಸೀಗೆಲ್ ಮತ್ತು ಜೋ ಶುಸ್ಟರ್, 1938ರಲ್ಲಿ ಅದರ ಹಕ್ಕನ್ನು 130 ಡಾಲರಿಗೆ ಬರೆದುಕೊಟ್ಟರು. ಪಾತ್ರ ಕೋಟಿ ಕೋಟಿ ಗಳಿಸಿತು, ಇವರು ಬಡತನದಲ್ಲಿ ಮುದುಕರಾದರು, ಶುಸ್ಟರ್ ಅವರ ಕಣ್ಣು ಮಂಜಾಗಿತ್ತು. 1975ರಲ್ಲಿ, ದೊಡ್ಡ ಸೂಪರ್‌ಮ್ಯಾನ್ ಸಿನಿಮಾ ಬರುತ್ತದೆ ಅನ್ನುವಾಗ, ಸೀಗೆಲ್ ಬಾಯಿಬಿಟ್ಟು ಹೇಳಿಕೊಂಡರು. ನೀಲ್ ಆಡಮ್ಸ್, ಜೆರ್ರಿ ರಾಬಿನ್ಸನ್ ಎಂಬ ಚಿತ್ರಗಾರರು ಅವರ ಬೆನ್ನಿಗೆ ನಿಂತರು. ಪತ್ರಿಕೆಗಳಲ್ಲಿ ಬಂತು, ಓದುಗರು ಮರುಗಿದರು. ಹಕ್ಕು ಹೊಂದಿದ್ದ ಕಂಪನಿ ಇಬ್ಬರಿಗೂ ತಲಾ ವರ್ಷಕ್ಕೆ 20,000 ಡಾಲರ್ ಕೊಡಲು ಒಪ್ಪಿತು. ಹೆಸರೂ ಹಾಕಲು ಒಪ್ಪಿತು. ಇವತ್ತು ಯಾವ ಸೂಪರ್‌ಮ್ಯಾನ್ ಸಿನಿಮಾ ನೋಡಿದರೂ ಆ ಇಬ್ಬರ ಹೆಸರು ಬರುತ್ತದೆ. ಆ ಎರಡು ಹೆಸರು ಬಂದಾಗ ನಾನು ಥಿಯೇಟರಿನಲ್ಲಿ ಚಪ್ಪಾಳೆ ತಟ್ಟುತ್ತೇನೆ. ಪಕ್ಕದವರು ನೋಡುತ್ತಾರೆ, ನೋಡಲಿ.

ಅಭಿಮಾನಿಗಳು ಕೇಳಿ ಪಡೆದದ್ದು ಇನ್ನೂ ಇವೆ. 1967-68ರಲ್ಲಿ "ಸ್ಟಾರ್ ಟ್ರೆಕ್" ಸೀರಿಯಲ್ ನಿಲ್ಲಿಸಬೇಡಿ ಅಂತ ಜನ ಟಿವಿ ಕಂಪನಿಗೆ ರಾಶಿ ರಾಶಿ ಪತ್ರ ಬರೆದರು. ಇನ್ನೊಂದು ವರ್ಷ ನಡೆಯಿತು, ಆದರೆ ಶುಕ್ರವಾರ ರಾತ್ರಿ 10 ಗಂಟೆಗೆ ದೂಡಿದರು, 1969ರಲ್ಲಿ ನಿಂತಿತು. 2021ರಲ್ಲಿ "ಜಸ್ಟೀಸ್ ಲೀಗ್" ಸಿನಿಮಾದ ನಿರ್ದೇಶಕ ಝ್ಯಾಕ್ ಸ್ನೈಡರ್ ಅವರ ಸ್ವಂತ ರೂಪ, ನಾಲ್ಕು ತಾಸಿನದು, ಅಭಿಮಾನಿಗಳ ಒತ್ತಾಯದಿಂದ ಬಂತು. ಮಗಳನ್ನು ಕಳೆದುಕೊಂಡು ಆ ಸಿನಿಮಾವನ್ನು ನಡುವೆಯೇ ಬಿಟ್ಟು ಹೋಗಿದ್ದ ತಂದೆ ಅವರು. ಅಭಿಮಾನಿಗಳು ಆತ್ಮಹತ್ಯೆ ತಡೆಯುವ ಸಂಸ್ಥೆಗೆ ದೇಣಿಗೆಯನ್ನೂ ಕೂಡಿಸಿದರು. ಅದೇ ಗುಂಪಿನಲ್ಲಿ ಬೇರೆಯವರಿಗೆ ಕಿರುಕುಳ ಕೊಟ್ಟವರೂ ಇದ್ದರು ಅನ್ನುವುದನ್ನೂ ಮರೆಯಬಾರದು.

ಎಲ್ಲರೂ ಹೊಗಳುವ ಗೆಲುವು ವಿಡಿಯೋ ಗೇಮಿನ ಪಾತ್ರವೊಂದರ ಮೇಲೆ ಮಾಡಿದ "ಸೋನಿಕ್" ಸಿನಿಮಾದ್ದು. 2019ರ ಟ್ರೇಲರಿನಲ್ಲಿ ಆ ನೀಲಿ ಪ್ರಾಣಿಯ ಮುಖ, ಹಲ್ಲು ಸರಿಯಿಲ್ಲ ಅಂತ ಜನ ಗಲಾಟೆ ಮಾಡಿದರು. ಸಿನಿಮಾ ಮುಂದೆ ಹಾಕಿ ಇಡೀ ಪಾತ್ರವನ್ನು ಹೊಸದಾಗಿ ಚಿತ್ರಿಸಿದರು. ಗೆದ್ದೆವು ಅಂದರು ಎಲ್ಲರೂ. ಆ ಕೆಲಸದಲ್ಲಿ ದೊಡ್ಡ ಪಾಲು ಮಾಡಿದ ಎಂಪಿಸಿ ಎಂಬ ಗ್ರಾಫಿಕ್ಸ್ ಸಂಸ್ಥೆಯ ವ್ಯಾಂಕೂವರ್ ಸ್ಟುಡಿಯೋ, ಸಿನಿಮಾ ಬಿಡುಗಡೆಯಾಗುವ ಮೊದಲೇ, 2019ರ ಡಿಸೆಂಬರಿನಲ್ಲಿ ಬಾಗಿಲು ಹಾಕಿತು. ಮುಚ್ಚಲು ಸಂಸ್ಥೆ ಮಾರುಕಟ್ಟೆಯ ಕಾರಣ ಕೊಟ್ಟಿತು, ಸೋನಿಕ್ ಕಾರಣ ಅಂತ ನಾನು ಹೇಳುತ್ತಿಲ್ಲ. ಆದರೆ ನಾವು ಕೇಳಿದ ಮುಖವನ್ನು ರಾತ್ರಿ ಹಗಲು ಕೂತು ತಿದ್ದಿದವರಿಗೆ ಕೆಲಸ ಹೋದಾಗ ನಮ್ಮ ಗೆಲುವಿನ ಗದ್ದಲದಲ್ಲಿ ಅದು ಕೇಳಿಸಲೇ ಇಲ್ಲ.

ಕನ್ನಡಕ್ಕೆ ಬರೋಣ. ಗಡಿಯಾರ ನೋಡುತ್ತಿದ್ದೀರಿ, ಬೇಗ ಹೇಳುತ್ತೇನೆ. ಮೊದಲು ಈ ಹಾಲಿವುಡ್ ಸಿನಿಮಾಗಳನ್ನು ಕನ್ನಡದಲ್ಲಿ ಕೇಳುವ ಭಾಗ್ಯವೇ ನಮಗಿರಲಿಲ್ಲ. ಡಬ್ಬಿಂಗ್ ಬೇಡ ಅಂತ ನಮ್ಮ ಚಿತ್ರರಂಗವೇ ದಶಕಗಟ್ಟಲೆ ತಡೆದಿತ್ತು. 2022ರಲ್ಲಿ "ಅವತಾರ್" ಎರಡನೆಯ ಭಾಗ ಕನ್ನಡದಲ್ಲೂ ಬಂತು. ಆ ಸಿನಿಮಾ ನಡುವೆ ಫಾಕ್ಸ್ ಕೈಯಿಂದ ಡಿಸ್ನಿ ಕೈಗೆ ಹೋಗಿತ್ತು, ಆದರೂ ಜೇಮ್ಸ್ ಕ್ಯಾಮರೂನ್ 13 ವರ್ಷ ತೆಗೆದುಕೊಂಡು ತಮಗೆ ಬೇಕಾದ ಹಾಗೆಯೇ ಮಾಡಿದರು. ಮಾಲೀಕ ಬದಲಾದರೂ ಕಥೆಗಾರ ಬದಲಾಗದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ನನಗೆ ಅದು ಒಳ್ಳೆಯ ಉದಾಹರಣೆ. ಬಾಂಡ್ ಅಭಿಮಾನಿಗಳಿಗೆ ಈಗ ಇದೇ ಚಿಂತೆ. 1962ರಿಂದ ಬ್ರಾಕಲಿ ಕುಟುಂಬ ಜೋಪಾನ ಮಾಡಿದ ಪಾತ್ರ. 2025ರ ಫೆಬ್ರವರಿಯಲ್ಲಿ ಸೃಜನಶೀಲ ಹಿಡಿತ ಅಮೆಜಾನ್‌ಗೆ ಹೋಯಿತು. ಇನ್ನು ವರ್ಷಕ್ಕೊಂದು ಸೀರಿಯಲ್ ಬರುತ್ತದೋ ಏನೋ ಅಂತ ಅವರು ಭಯಪಡುವುದು ತಪ್ಪಲ್ಲ.

ನಮ್ಮಲ್ಲೂ ಈಗ ಇಂಥ ದೊಡ್ಡ ಸರಣಿಗಳು ಹುಟ್ಟಿವೆ. ಹೊಂಬಾಳೆಯ "ಕೆಜಿಎಫ್" 2018ರಲ್ಲಿ, ಎರಡನೆಯ ಭಾಗ 2022ರಲ್ಲಿ. ಅದೇ ಸಂಸ್ಥೆಯ "ಕಾಂತಾರ" 2022ರಲ್ಲಿ, ಅದರ ಹಿಂದಿನ ಕಥೆ 2025ರ ಅಕ್ಟೋಬರಿನಲ್ಲಿ. ಎರಡೂ ಕಡೆ ಬರೆದು ನಿರ್ದೇಶಿಸಿದವರು ಬದಲಾಗಲಿಲ್ಲ, ಸಮಯವನ್ನೂ ಕೊಟ್ಟರು. ಇದು ದೊಡ್ಡ ವಿಷಯ, ನಾವು ಗಟ್ಟಿಯಾಗಿ ಮೆಚ್ಚಬೇಕಾದದ್ದು. ಕಾಂತಾರದಲ್ಲಿ ನನಗೆ ಮೊದಲನೆಯದೇ ಇಷ್ಟ. ಆ ಚಿಕ್ಕ ಊರು, ಆ ಕೆಸರು, ಆ ಕೇಳಿದ ಹಾಗಿರುವ ಬೈಗುಳ. ಮುಂದೆ ಅದು ಎಷ್ಟೇ ದೊಡ್ಡದಾದರೂ ನನಗೆ ಒಂದು ಸಮಾಧಾನ ಇದೆ. ದೈವದ ಕಥೆ ಯಾವ ಕಂಪನಿಯದೂ ಅಲ್ಲ. ತುಳುನಾಡಿನ ಜನ ವರ್ಷವರ್ಷ ತಮ್ಮ ತಮ್ಮ ಊರಲ್ಲಿ ಕೋಲ ಕಟ್ಟುತ್ತಾರೆ, ದೈವದ ಹಾಡುಗಥೆಯಾದ ಪಾಡ್ದನ ಹೇಳುತ್ತಾರೆ. ಸಿನಿಮಾ ಬಂದರೂ, ಬಾರದಿದ್ದರೂ. ಅಲ್ಲಿ ಪಕ್ಕದ ಟೆಂಟ್ ಇದೆ. ಕೆಜಿಎಫ್‌ನ ರಾಕಿಗೆ ಅದಿಲ್ಲ. ಅವನನ್ನು ಹೇಳುವ ಹಕ್ಕು ಒಂದೇ ಮನೆಯದು.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಕೇಳಿದ. "ಸರ್, ಹಂಗಾದ್ರ ಕೆಜಿಎಫ್ ತ್ರೀ ಯಾವಾಗ ಬರತೈತ್ರೀ?" ಎಲ್ಲರೂ ನಕ್ಕರು. ನಾನು ಅವನಿಗೆ ಹೇಳಿದೆ: ತಮ್ಮಾ, ತಾರೀಖು ಕೇಳುವವರು ಲಕ್ಷ ಮಂದಿ ಇದ್ದಾರೆ. ನೀನು ಬೇರೆ ಕೇಳು. ಕಥೆ ಬರೆದು ಮುಗಿದಿದೆಯಾ? ಯಾರು ಬರೆಯುತ್ತಿದ್ದಾರೆ? ಅವರ ಹೆಸರು ಪೋಸ್ಟರಿನ ಮೇಲೆ ಓದಲು ಬರುವಷ್ಟು ದೊಡ್ಡದಾಗಿ ಇರುತ್ತದಾ? ಮೂರನೆಯ ಪ್ರಶ್ನೆಯನ್ನು ನಾನು ಬೇರೆ ಬೇರೆ ಸಿನಿಮಾಗಳ ಪೋಸ್ಟುಗಳ ಕೆಳಗೆ ಎರಡು ವರ್ಷದಿಂದ ಬರೆಯುತ್ತಿದ್ದೇನೆ. ಇಲ್ಲಿಯವರೆಗೆ ಒಂದು ಕಡೆಯಿಂದ ಉತ್ತರ ಬಂದಿದೆ. ಪೋಸ್ಟರಿನಲ್ಲಿ ಸಂಭಾಷಣೆಕಾರರ ಹೆಸರು ಬಿಟ್ಟುಹೋಗಿತ್ತು, ಮುಂದಿನದರಲ್ಲಿ ಹಾಕುತ್ತೇವೆ ಅಂತ. ಹಾಕಿದರು.